ಕಾರಿಗೆ ಪರ್ಫಾರ್ಮೆನ್ಸ್ ಕಿಟ್ ಹಾಕಿಸ್ತೀರಾ? ಮೊದಲು ಲೇಬರ್ ಗಂಟೆ ಕೇಳಿ

ಪರ್ಫಾರ್ಮೆನ್ಸ್ ಕಿಟ್, ಅಂದರೆ ಕಾರಿನ ಓಟ ಚುರುಕು ಮಾಡಲು ಹಾಕಿಸುವ ಬಿಡಿಭಾಗಗಳ ಸೆಟ್. ಅದರ ಬೆಲೆಯನ್ನು ಎಲ್ಲರೂ ವಿಚಾರಿಸುತ್ತಾರೆ. ನಾಲ್ಕು ಕಡೆ ಫೋನ್ ಮಾಡಿ, ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೂ ಒಂದು ಸುತ್ತು ಹೋಗಿ ಬಂದು, ಚೌಕಾಸಿ ಮಾಡಿ ಸಾವಿರ ರೂಪಾಯಿ ಇಳಿಸುತ್ತೇವೆ. ಫಿಟ್ಟಿಂಗ್ ವಿಷಯ ಬಂದಾಗ ಮಾತ್ರ 'ಸುಮಾರು ಎಷ್ಟಾಗುತ್ತೆ' ಅಂತ ಕೇಳಿ ಕೀ ಕೊಟ್ಟು ಬಂದುಬಿಡುತ್ತೇವೆ. ದುಡ್ಡು ಸೋರುವುದು ಅಲ್ಲೇ.

ನನ್ನ ಹಳೆಯ ಟರ್ಬೊ ಪೆಟ್ರೋಲ್ ಕಾರಿಗೆ ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಮತ್ತು ಅದರ ಪೈಪ್ ಹಾಕಿಸಿದ್ದೆ. ಮನೆಗೆ ಬಂದು ಬಿಲ್ ಬಿಡಿಸಿ ನೋಡಿದರೆ, ಮುಂದಿನ ಬಂಪರ್ ಬಿಚ್ಚಿ ಕೂರಿಸಿದ ಲೇಬರ್ ಎರಡು ಸಲ ಇತ್ತು. ಇಂಟರ್‌ಕೂಲರ್ ಸಾಲಿನಲ್ಲಿ ಒಮ್ಮೆ, ಪೈಪ್ ಸಾಲಿನಲ್ಲಿ ಇನ್ನೊಮ್ಮೆ. ಬಂಪರ್ ಬಿಚ್ಚಿದ್ದು ಒಂದೇ ಸಲ. ಅಷ್ಟರಲ್ಲಿ ದುಡ್ಡು ಕಟ್ಟಿಯಾಗಿತ್ತು.

1. ಕಾನೂನು ಮೊದಲೇ ನೋಡಿಕೊಳ್ಳಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೂ ಹೊಂದದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಜೋರು ಸದ್ದಿನ ಸೈಲೆನ್ಸರ್ ಅಂತೂ ಬೇಡವೇ ಬೇಡ. ಹಾಕಿಸುವುದು ಏನೇ ಇರಲಿ, ಇನ್ಶೂರೆನ್ಸ್ ಕಂಪನಿಗೆ ಮೊದಲೇ ತಿಳಿಸಿ.

2. ಕಿಟ್ ಬೆಲೆ: ಎಂಆರ್‌ಪಿ ಮೇಲೆ ಮತ್ತೆ ತೆರಿಗೆ ಇಲ್ಲ

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಕಾರಿನ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಡಬ್ಬಿಯ ಮೇಲೆ 29,500 ರೂಪಾಯಿ ಅಂತ ಇದೆ ಅಂದುಕೊಳ್ಳಿ. ಬಿಲ್‌ನಲ್ಲಿ ಅದು 25,000 ಮೂಲ ಬೆಲೆ, ಅದರ ಮೇಲೆ 4,500 ಜಿಎಸ್‌ಟಿ ಅಂತ ಬರಬೇಕು. ಯಾರಾದರೂ 29,500 ಅನ್ನೇ ಮೂಲ ಬೆಲೆ ಮಾಡಿ ತೆರಿಗೆ ಸೇರಿಸಿದರೆ 34,810 ಆಗುತ್ತದೆ. 5,310 ರೂಪಾಯಿ ಸುಮ್ನೆ ಹೋಯ್ತು. ಡಬ್ಬಿಯ ಫೋಟೊ ತೆಗೆದಿಟ್ಟುಕೊಳ್ಳಿ.

3. ಲೇಬರ್: ಗಂಟೆ ಎಷ್ಟು, ಗಂಟೆಗೆ ಎಷ್ಟು?

ಇದೇ ಮುಖ್ಯ. ಕಾರು ಕಂಪನಿಗಳು ಒಂದೊಂದು ಕೆಲಸಕ್ಕೂ ಇಷ್ಟು ಹೊತ್ತು ಅಂತ ಮೊದಲೇ ನಿಗದಿ ಮಾಡಿರುತ್ತವೆ. ಡೀಲರ್ ಅದನ್ನು ತನ್ನ ಗಂಟೆಯ ದರದಿಂದ ಗುಣಿಸುತ್ತಾನೆ. ಮೆಕ್ಯಾನಿಕ್ ಬೇಗ ಮುಗಿಸಿದರೂ ಅಷ್ಟೇ, ತಡ ಮಾಡಿದರೂ ಅಷ್ಟೇ. ಇದರಲ್ಲಿ ಮೋಸ ಇಲ್ಲ. ತೊಂದರೆ ಏನೆಂದರೆ, ಹೊರಗಿನ ಕಂಪನಿಯ ಕಿಟ್ ಈ ಪಟ್ಟಿಯಲ್ಲಿ ಇರುವುದಿಲ್ಲ, ಹಾಗಾಗಿ ಸರ್ವಿಸ್ ಅಡ್ವೈಸರ್ ಅಂದಾಜಿನಲ್ಲಿ ಒಂದು ಮೊತ್ತ ಹೇಳುತ್ತಾರೆ, ನಾವು ಹೂಂ ಅನ್ನುತ್ತೇವೆ.

ಅದರ ಬದಲು ಹೀಗೆ ಕೇಳಿ: 'ಕಂಪನಿಯದ್ದೇ ಇಂಟರ್‌ಕೂಲರ್ ಬಿಚ್ಚಿ ಹೊಸದು ಹಾಕೋಕೆ ಪಟ್ಟಿಯಲ್ಲಿ ಎಷ್ಟು ಗಂಟೆ ಇದೆ ಸರ್?' ಅದು ನಿಮ್ಮ ಅಳತೆಗೋಲು. ಕಿಟ್‌ಗೆ ಬ್ರಾಕೆಟ್ ಹೊಂದಿಸುವ ಕೆಲಸ ಜಾಸ್ತಿ ಇದ್ದರೆ ಅದಕ್ಕೆ ಒಂದೆರಡು ಗಂಟೆ ಬೇರೆ ಸೇರಿಸಲಿ, ನ್ಯಾಯವೇ. ಆರು ಗಂಟೆ, ಗಂಟೆಗೆ 800 ಅಂದರೆ 4,800. ಶೇ 18 ಜಿಎಸ್‌ಟಿ ಸೇರಿ 5,664. ಇಷ್ಟು ಬಿಡಿಸಿ ಬರೆದುಕೊಡಲು ಒಪ್ಪದ ಕಡೆ ಕಾರು ಬಿಡಬೇಡಿ.

4. ಒಂದೇ ಕೆಲಸಕ್ಕೆ ಎರಡು ಸಲ ಕೊಡಬೇಡಿ

ಎಸ್ಟಿಮೇಟ್‌ನ ಪ್ರತಿ ಸಾಲಿನ ಮುಂದೆ 'ಇದಕ್ಕೆ ಏನೇನು ಬಿಚ್ಚಬೇಕು' ಅಂತ ಕೇಳಿ ಬರೆದುಕೊಳ್ಳಿ. ಬಂಪರ್, ಚಕ್ರ, ಕೆಳಗಿನ ಕವರ್ ಎರಡು ಕಡೆ ಬಂದರೆ ಒಂದನ್ನು ತೆಗೆಸಿ. ಸರ್ವಿಸ್ ಹತ್ತಿರ ಬಂದಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸಿ. ಹೇಗೂ ಕಾರು ಲಿಫ್ಟ್ ಮೇಲೆ ಇರುತ್ತದೆ ಅಲ್ವಾ. ಗ್ಯಾಸ್ಕೆಟ್, ಕ್ಲಿಪ್, ಒಮ್ಮೆ ಬಿಚ್ಚಿದರೆ ಬದಲಾಯಿಸಲೇಬೇಕಾದ ಬೋಲ್ಟ್, ಇವಕ್ಕೆ ದುಡ್ಡು ಕೊಡಿ, ಇಲ್ಲಿ ಜಿಪುಣತನ ಬೇಡ. ಸ್ಪ್ರಿಂಗ್ ಬದಲಾಯಿಸಿದರೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. 'ಕನ್ಸ್ಯೂಮಬಲ್ಸ್' ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಇದ್ದರೆ ಮಾತ್ರ ಒಳಗೆ ಏನೇನಿದೆ ಅಂತ ಕೇಳಿ.

5. ರೀಮ್ಯಾಪ್ ಲೆಕ್ಕವೇ ಬೇರೆ

ರೀಮ್ಯಾಪ್ ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಬದಲಾಯಿಸುವುದು. ಸ್ಟೇಜ್ 1, ಅಂದರೆ ಬಿಡಿಭಾಗ ಬದಲಾಯಿಸದ ಮೊದಲ ಹಂತದ ರೀಮ್ಯಾಪ್‌ನಲ್ಲಿ ನೀವು ಕೊಡುವುದು ಸಾಫ್ಟ್‌ವೇರಿಗೆ. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿನಿಂದಲೇ (ಕಾರಿನ ದೋಷ ಪತ್ತೆಹಚ್ಚಲು ಉಪಕರಣ ಜೋಡಿಸುವ ಜಾಗ) ಫೈಲ್ ಹಾಕುತ್ತಾರೆ, ಏನೂ ಬಿಚ್ಚುವುದಿಲ್ಲ. ಹಾಗಿರುವಾಗ ಬೇರೆ ಲೇಬರ್ ಯಾಕೆ ಅಂತ ಕೇಳಿ. ಇನ್ನೊಂದು ಮಾತು. ಮುಂದೆ ಸರ್ವಿಸ್ ಸೆಂಟರ್‌ನಲ್ಲಿ ಇಸಿಯು ಅಪ್‌ಡೇಟ್ ಮಾಡಿದರೆ ರೀಮ್ಯಾಪ್ ಅಳಿಸಿಹೋಗಬಹುದು. ಆಗ ಮತ್ತೆ ಹಾಕಿಕೊಡುವುದು ಪುಕ್ಕಟೆಯೋ ದುಡ್ಡಿಗೋ, ಇವತ್ತೇ ಬರೆಸಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಎಂಜಿನ್ ಕ್ಲೇಮ್ ತಿರಸ್ಕರಿಸಲು ಇದೇ ಕಾರಣ ಆಗಬಹುದು. ವಾರಂಟಿ ಮುಗಿಯುವವರೆಗೆ ಕಾಯಿರಿ ಅಂತಲೇ ನಾನು ಹೇಳುವುದು.

ಕಾರು ತರುವಾಗ ಬಿಚ್ಚಿದ ಹಳೆಯ ಭಾಗಗಳನ್ನು ಎಣಿಸಿ ಡಿಕ್ಕಿಗೆ ಹಾಕಿಸಿಕೊಳ್ಳಿ, ಸಣ್ಣ ಕ್ಲಿಪ್‌ಗಳೂ ಸೇರಿ. ಅವು ನಿಮ್ಮವು. ಕಾರು ಮಾರುವಾಗ ಮೊದಲಿನ ಹಾಗೆ ಮಾಡಿಸಲು ಅವೇ ಬೇಕು.