ಅಳಿಸಲು ಹೆದರಬೇಕಿಲ್ಲದ ಕಂಟೇನರ್: ಕಮಾಂಡ್ ಲೈನ್‌ನಲ್ಲಿ ನನ್ನ ಅನುಭವ

ಯಾವುದೇ ಸರ್ವರ್ ನನ್ನ ಕೈಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಓಡುತ್ತಿರುವ ಯಾವ ಕಂಟೇನರನ್ನಾದರೂ (ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ ಫೈಲ್‌ಗಳೊಡನೆ ಪ್ರತ್ಯೇಕವಾಗಿ ಓಡಿಸುವ ವ್ಯವಸ್ಥೆ) ಈಗಲೇ ಅಳಿಸಿ, ಇದ್ದ ಹಾಗೆಯೇ ಮತ್ತೆ ಎಬ್ಬಿಸಬಹುದೇ? ಹೌದು ಎನ್ನುವಂತಿದ್ದರೆ ಆ ಸರ್ವರ್ ಸುಸ್ಥಿತಿಯಲ್ಲಿದೆ. "ಅದೊಂದನ್ನ ಮುಟ್ಟಬ್ಯಾಡ್ರಿ" ಅನ್ನಿಸಿಕೊಳ್ಳುವ ಕಂಟೇನರ್ ಒಂದಿದ್ದರೂ ನನ್ನ ಕೆಲಸ ಅಲ್ಲಿಂದಲೇ ಶುರು.

ನಾನು ಹುಬ್ಬಳ್ಳಿಯ ಸಣ್ಣ ತಂಡವೊಂದರಲ್ಲಿ ಸರ್ವರ್ ನೋಡಿಕೊಳ್ಳುವವಳು. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳು, ಪತ್ತಿನ ಸಹಕಾರಿಗಳು. ಅವರ ಲೆಕ್ಕ, ರಸೀದಿ, ಪಾವತಿ ಎಲ್ಲ ನಾಲ್ಕಾರು ಲಿನಕ್ಸ್ ಯಂತ್ರಗಳ ಮೇಲೆ, ಡಾಕರ್ ಎಂಬ ತಂತ್ರಾಂಶ ಓಡಿಸುವ ಕಂಟೇನರ್‌ಗಳಲ್ಲಿ ನಡೆಯುತ್ತದೆ. ಮೌಸ್ ಹಿಡಿಯುವ ಪರದೆ ಆ ಯಂತ್ರಗಳಲ್ಲಿಲ್ಲ. ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ಕಮಾಂಡ್ ಬರೆಯುವುದು, ಅಷ್ಟೇ. ಅದೇ ಒಳ್ಳೆಯದೂ ಹೌದು: ಬರೆದ ಕಮಾಂಡನ್ನು ಫೈಲ್‌ನಲ್ಲಿ ಇಡಬಹುದು, ಜೊತೆಯವರಿಗೆ ಕಳಿಸಬಹುದು. ಎಲ್ಲಿ ಕ್ಲಿಕ್ ಮಾಡಿದೆ ಎಂಬುದನ್ನು ಹಾಗೆ ಕಳಿಸಲಾಗದು.

ತಂಡಕ್ಕೆ ಹೊಸದಾಗಿ ಬರುವವರು ಕಂಟೇನರ್ ಎಂದರೆ ಚಿಕ್ಕ ವರ್ಚುವಲ್ ಯಂತ್ರ ಎಂದುಕೊಂಡಿರುತ್ತಾರೆ. ಅವರಿಗೆ ನಾನು ಬಾಯಿಮಾತಿನಲ್ಲಿ ವಿವರಿಸಲು ಹೋಗುವುದಿಲ್ಲ. 'ಡಾಕರ್ ರನ್ -ಡಿ ಆಲ್ಪೈನ್ ಸ್ಲೀಪ್ 1000' ಎಂದು ಕೊಟ್ಟು (ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಲ್ಲಿ 1000 ಸೆಕೆಂಡು ಸುಮ್ಮನೆ ಕಾಯುವ ಕಮಾಂಡ್), ಹೊರಗಿನ ಯಂತ್ರದಲ್ಲೇ ಓಡುತ್ತಿರುವುದನ್ನೆಲ್ಲ ತೋರಿಸುವ 'ಪಿಎಸ್ ಆಕ್ಸ್' ನೋಡಲು ಹೇಳುತ್ತೇನೆ. ಆ ಸ್ಲೀಪ್ ಉಳಿದೆಲ್ಲ ಪ್ರೋಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ನಡುವೆ ಸಾದಾ ಪ್ರೋಸೆಸ್ ಆಗಿ ಕಾಣುತ್ತದೆ. ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಒಂದೇ. ನೇಮ್‌ಸ್ಪೇಸ್ ಎಂಬ ವ್ಯವಸ್ಥೆ ಆ ಪ್ರೋಸೆಸ್‌ಗೆ ಏನು ಕಾಣಬೇಕು ಎಂಬುದನ್ನು ಮಿತಗೊಳಿಸುತ್ತದೆ, ಸಿಗ್ರೂಪ್ ಅದು ಎಷ್ಟು ಮೆಮರಿ, ಎಷ್ಟು ಸಿಪಿಯು ಬಳಸಬಹುದು ಎಂಬುದನ್ನು. ಸಿಗ್ರೂಪ್ ಲಿನಕ್ಸ್ ಕರ್ನೆಲ್‌ಗೆ ಸೇರಿದ್ದು 2008ರ ಜನವರಿಯಲ್ಲಿ, 2.6.24ರ ಆವೃತ್ತಿಯಲ್ಲಿ. 2013ರ ಮಾರ್ಚ್‌ನಲ್ಲಿ ಪೈಕಾನ್ ಎಂಬ ಪೈಥಾನ್ ಭಾಷೆಯ ಸಮ್ಮೇಳನದ ಕಿರು ಭಾಷಣವೊಂದರಲ್ಲಿ ಅದರ ರೂವಾರಿ ಸಾಲೊಮನ್ ಹೈಕ್ಸ್ ಡಾಕರನ್ನು ತೋರಿಸುವ ಹೊತ್ತಿಗೆ ಕರ್ನೆಲ್‌ನೊಳಗಿನ ಸಾಮಗ್ರಿ ಆಗಲೇ ಇತ್ತು. ಡಾಕರ್ ಅದಕ್ಕೆ ಕಟ್ಟಿದ್ದು ಇಮೇಜ್ (ಅಪ್ಲಿಕೇಶನ್ನೂ ಅದಕ್ಕೆ ಬೇಕಾದ ಫೈಲ್‌ಗಳೂ ಸೇರಿದ ಕಟ್ಟು, ಅದರಿಂದಲೇ ಕಂಟೇನರ್ ಹುಟ್ಟುವುದು) ಮತ್ತು ಸರಳ ಕಮಾಂಡ್. ಕಂಟೇನರ್ ಎಂದರೆ ಪ್ರೋಸೆಸ್ ಎಂದು ಒಮ್ಮೆ ಕಣ್ಣಾರೆ ಕಂಡ ಮೇಲೆ ಮುಂದಿನದು ಬೇಗ ತಲೆಗೆ ಹತ್ತುತ್ತದೆ. ಪ್ರೋಸೆಸ್ ಸಾಯುವುದು ಸಹಜ. ಅದು ಸತ್ತಾಗ ಏನು ಉಳಿಯಬೇಕು ಎಂಬುದನ್ನು ನಾವು ಮೊದಲೇ ತೀರ್ಮಾನಿಸಿರಬೇಕು.

ಬೇರೆಯವರು ಕಟ್ಟಿಟ್ಟ ಸರ್ವರ್ ನಮಗೆ ಬಂದಾಗ ನಾನು ಹೊಡೆಯುವ ಮೊದಲ ಕಮಾಂಡುಗಳಲ್ಲಿ 'ಡಾಕರ್ ಡಿಫ್' ಒಂದು. ಅದನ್ನು ಬಳಸುವವರು ಕಡಿಮೆ, ಆದರೆ ಅದರಷ್ಟು ನಿಜ ಹೇಳುವ ಕಮಾಂಡ್ ಇನ್ನೊಂದಿಲ್ಲ. ಕಂಟೇನರ್ ಹುಟ್ಟಿದ ಮೇಲೆ ಅದರೊಳಗೆ ಯಾವ ಫೈಲ್ ಹೊಸದಾಗಿ ಸೇರಿತು, ಯಾವುದು ಬದಲಾಯಿತು, ಯಾವುದು ಅಳಿದುಹೋಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಟೆಂಪ್ ಫೈಲ್, ಕ್ಯಾಶ್ ಕಂಡರೆ ಚಿಂತೆಯಿಲ್ಲ. 'ಇಟಿಸಿ' ಕೆಳಗಿನ ಕಾನ್ಫಿಗ್ ಬದಲಾಗಿದ್ದರೆ, ಅಪ್ಲಿಕೇಶನ್ನಿನ ಕೋಡೇ ಬದಲಾಗಿದ್ದರೆ, ಯಾರೋ 'ಡಾಕರ್ ಎಕ್ಸೆಕ್' ಕೊಟ್ಟು ಒಳಹೋಗಿ ಕೈಯಾರೆ ತಿದ್ದಿದ್ದಾರೆ ಎಂದರ್ಥ. ಆ ತಿದ್ದುಪಡಿ ಕಂಟೇನರ್ ಅಳಿದ ಕ್ಷಣ ಮಾಯ. ಹಾಗೆ ಬಂದ ಒಂದು ಸರ್ವರ್‌ನಲ್ಲಿ ಅಪ್‌ಲೋಡ್ ಆದ ಪಾಸ್‌ಬುಕ್ ಸ್ಕ್ಯಾನ್‌ಗಳೆಲ್ಲ ವಾಲ್ಯೂಮ್ (ಕಂಟೇನರ್ ಅಳಿದರೂ ಉಳಿಯುವ ಹೊರಗಿನ ಜಾಗ) ಇಲ್ಲದೆ ಕಂಟೇನರ್‌ನ ಒಳಗೇ ಕೂತಿದ್ದವು. 'ಡಾಕರ್ ಸಿಪಿ' ಬಳಸಿ ಮೊದಲು ಅವನ್ನು ಹೊರತಂದು, ವಾಲ್ಯೂಮ್ ಕಟ್ಟಿ, ಕೈಯಾರೆ ಆಗಿದ್ದ ತಿದ್ದುಪಡಿಗಳನ್ನೆಲ್ಲ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ಗೆ ಇಳಿಸಿ, ಆಮೇಲೆ ಹಳೆಯದನ್ನು ಅಳಿಸಿದೆವು. ಅಂದಿನಿಂದ ನಮ್ಮಲ್ಲಿ 'ಎಕ್ಸೆಕ್' ನೋಡುವುದಕ್ಕೆ ಮಾತ್ರ, ತಿದ್ದುವುದಕ್ಕೆ ಅಲ್ಲ.

ಎರಡನೆಯ ನಿಯಮ, ಉದ್ದನೆಯ 'ಡಾಕರ್ ರನ್' ಸಾಲು ಯಾರ ನೆನಪಿನಲ್ಲೂ, ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಹಿಸ್ಟರಿಯಲ್ಲೂ ಇರಕೂಡದು. ಅದು ಸೇವೆಗಳ ವಿವರ ಬರೆದಿಡುವ ಕಂಪೋಸ್ ಫೈಲ್‌ಗೆ ಹೋಗಬೇಕು, ಆ ಫೈಲ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ. 'ಡಾಕರ್ ಕಂಪೋಸ್ ಅಪ್ -ಡಿ' ಕೊಟ್ಟರೆ ಬದಲಾದ ಸೇವೆಯನ್ನಷ್ಟೇ ಅದು ಹೊಸದಾಗಿ ಕಟ್ಟುತ್ತದೆ. ಎನ್ವಿರಾನ್ಮೆಂಟ್ ವೇರಿಯೆಬಲ್ (ಅಪ್ಲಿಕೇಶನ್‌ಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಬದಲಿಸಿ 'ಡಾಕರ್ ರೀಸ್ಟಾರ್ಟ್' ಕೊಟ್ಟು, ಯಾಕೆ ಹತ್ತಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರನ್ನು ಬಹಳ ಕಂಡಿದ್ದೇನೆ. ರೀಸ್ಟಾರ್ಟ್ ಅದೇ ಹಳೆಯ ಕಂಟೇನರನ್ನು ನಿಲ್ಲಿಸಿ ಎಬ್ಬಿಸುತ್ತದೆ. ವೇರಿಯೆಬಲ್, ಪೋರ್ಟ್, ವಾಲ್ಯೂಮ್ ಎಲ್ಲ ಕಂಟೇನರ್ ಹುಟ್ಟುವಾಗಲೇ ನಿಗದಿಯಾಗಿರುತ್ತವೆ. ಬದಲಾಗಬೇಕಾದರೆ ಹೊಸ ಕಂಟೇನರೇ ಹುಟ್ಟಬೇಕು.

ಇನ್ನು, ಏನಾದರೂ ಬಿದ್ದಾಗ. ನಮ್ಮ ಹುಡುಗರು ಫೋನ್ ಮಾಡುವುದು ಹೀಗೆ: "ಮೇಡಂ, ಬಿಲ್ಲಿಂಗ್ ಬಂದ್ ಆಗೇತ್ರಿ, ರೀಸ್ಟಾರ್ಟ್ ಕೊಡ್ಲೇನ್ರಿ?" ನನ್ನ ಉತ್ತರವೂ ಯಾವಾಗಲೂ ಒಂದೇ: "ತಡಿಯಪ್ಪ, ಮೊದಲ ಅದು ಯಾಕ ಸತ್ತೇತಿ ಕೇಳು." ಕೇಳುವುದು 'ಡಾಕರ್ ಪಿಎಸ್ -ಎ' ಮೂಲಕ. ಬರೀ 'ಪಿಎಸ್' ಬದುಕಿರುವುದನ್ನು ಮಾತ್ರ ತೋರಿಸುತ್ತದೆ. 'ಎ' ಸೇರಿಸಿದರೆ ಸತ್ತವೂ ಅವುಗಳ ಎಕ್ಸಿಟ್ ಕೋಡೂ (ಹೇಗೆ ನಿಂತವು ಎಂದು ಹೇಳುವ ಸಂಖ್ಯೆ) ಕಾಣುತ್ತವೆ. 127 ಎಂದರೆ ಓಡಿಸಬೇಕಿದ್ದ ಕಮಾಂಡೇ ಒಳಗೆ ಸಿಕ್ಕಿಲ್ಲ. 126 ಎಂದರೆ ಸಿಕ್ಕಿದೆ, ಓಡಿಸಲು ಬಂದಿಲ್ಲ. ಹೆಚ್ಚಿನ ಸಲ ಪರ್ಮಿಶನ್ ತೊಂದರೆ. 137 ಎಂದರೆ 128ಕ್ಕೆ ಸಂಕೇತದ (ಸಿಗ್ನಲ್) ನಂಬರ್ 9 ಸೇರಿದ್ದು, ಸಿಗ್‌ಕಿಲ್, ಅಂದರೆ ತಕ್ಷಣ ಸಾಯಿಸುವ ಸಂಕೇತದ ಹೊಡೆತಕ್ಕೆ ಸತ್ತಿದೆ. 143 ಬಂದರೆ 15, ಮುಗಿಸು ಎಂದು ಕೇಳುವ ಸಿಗ್‌ಟರ್ಮ್.

137 ಕಂಡ ಕೂಡಲೇ ಮೆಮರಿ ಸಾಲಲಿಲ್ಲ ಎಂದು ಹೇಳುವವರಿದ್ದಾರೆ. ಅವಸರ ಬೇಡ. 'ಡಾಕರ್ ಇನ್‌ಸ್ಪೆಕ್ಟ್' ಕೊಟ್ಟು ಸ್ಟೇಟ್ ಭಾಗದಲ್ಲಿ 'ಓಓಎಂಕಿಲ್ಡ್' ಎಂಬುದು ಟ್ರೂ ಇದೆಯೇ ನೋಡಬೇಕು. ಟ್ರೂ ಇದ್ದರೆ ಕಂಟೇನರ್ ತನಗೆ ಕೊಟ್ಟ ಮೆಮರಿ ಮಿತಿ ದಾಟಿದೆ. ಫಾಲ್ಸ್ ಇದ್ದರೆ ಇಡೀ ಯಂತ್ರದ ಮೆಮರಿ ಮುಗಿದು ಕರ್ನೆಲ್ ಕೈಹಾಕಿರಬಹುದು, ಅದು ಕರ್ನೆಲ್ ಸಂದೇಶಗಳನ್ನು ತೋರಿಸುವ 'ಡಿಮೆಸೇಜ್'ನಲ್ಲಿ ಸಿಗುತ್ತದೆ. ಅಥವಾ ಯಾರೋ ಸಾದಾ 'ಡಾಕರ್ ಸ್ಟಾಪ್' ಕೊಟ್ಟಿದ್ದೂ ಆಗಿರಬಹುದು!

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಲ್ಲಿ ಹಣಕಾಸಿನ ಲೆಕ್ಕ ಕೆಡುತ್ತದೆ. 'ಸ್ಟಾಪ್' ಮೊದಲು ಸಿಗ್‌ಟರ್ಮ್ ಕಳಿಸಿ 10 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಪ್ರೋಸೆಸ್ ಮುಗಿಯದಿದ್ದರೆ ಸಿಗ್‌ಕಿಲ್. ಒಳ್ಳೆಯ ಅಪ್ಲಿಕೇಶನ್ ಆ ಸಮಯದಲ್ಲಿ ಕೈಯಲ್ಲಿರುವ ಕೆಲಸ ಮುಗಿಸಿ, ಡೇಟಾಬೇಸ್ ಸಂಪರ್ಕ ಮುಚ್ಚಿ ಹೊರಬೀಳುತ್ತದೆ. ಆದರೆ ಅದನ್ನು ಒಂದು ಶೆಲ್ ಸ್ಕ್ರಿಪ್ಟ್ ಮೂಲಕ ಎಬ್ಬಿಸಿದ್ದರೆ ಕಂಟೇನರ್‌ನ 1ನೇ ನಂಬರಿನ ಪ್ರೋಸೆಸ್ ಆ ಶೆಲ್ ಆಗಿರುತ್ತದೆ. ಸಂಕೇತ ಶೆಲ್‌ಗೆ ತಲುಪುತ್ತದೆ, ಅದು ತನ್ನ ಮಗುವಿಗೆ, ಅಂದರೆ ತಾನು ಎಬ್ಬಿಸಿದ ಅಪ್ಲಿಕೇಶನ್‌ಗೆ, ದಾಟಿಸುವುದಿಲ್ಲ. ಜೊತೆಗೆ 1ನೇ ಪ್ರೋಸೆಸ್‌ಗೆ ಕರ್ನೆಲ್ ವಿಶೇಷ ರಕ್ಷಣೆ ಕೊಡುತ್ತದೆ: ತಾನಾಗಿ ಹ್ಯಾಂಡ್ಲರ್ (ಸಂಕೇತ ಬಂದಾಗ ಓಡುವ ಕೋಡ್) ಬರೆದುಕೊಳ್ಳದ ಸಂಕೇತ ಅದನ್ನು ಮುಟ್ಟುವುದಿಲ್ಲ. ಫಲ, ಪ್ರತಿ ಸಲವೂ ನಿಲ್ಲಲು ಸರಿಯಾಗಿ 10 ಸೆಕೆಂಡು, ಆಮೇಲೆ ಅರ್ಧ ಕೆಲಸದಲ್ಲೇ ಸಾವು. ನಿಮ್ಮ ಕಂಟೇನರ್ ನಿಲ್ಲಲು ಯಾವಾಗಲೂ 10 ಸೆಕೆಂಡು ಹಿಡಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಪರಿಹಾರ ಚಿಕ್ಕದು. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಅಪ್ಲಿಕೇಶನ್ ಹೆಸರಿನ ಮುಂದೆ 'ಎಕ್ಸೆಕ್' ಎಂದು ಬರೆಯಬೇಕು (ಇದು ಶೆಲ್‌ನ ಎಕ್ಸೆಕ್, 'ಡಾಕರ್ ಎಕ್ಸೆಕ್' ಅಲ್ಲ). ಆಗ ಶೆಲ್‌ನ ಜಾಗಕ್ಕೆ ಅಪ್ಲಿಕೇಶನ್ನೇ ಬರುತ್ತದೆ. ಸಂಕೇತ ಬಂದಾಗ ಏನು ಮಾಡಬೇಕೆಂಬುದೇ ಅಪ್ಲಿಕೇಶನ್‌ನಲ್ಲಿ ಬರೆದಿಲ್ಲದಿದ್ದರೆ 'ರನ್' ಜೊತೆ '--ಇನಿಟ್' ಕೊಟ್ಟರೆ ಟಿನಿ ಎಂಬ ಪುಟ್ಟ ಪ್ರೋಗ್ರಾಂ 1ನೇ ಸ್ಥಾನದಲ್ಲಿ ಕೂತು ಸಂಕೇತಗಳನ್ನು ದಾಟಿಸುತ್ತದೆ.

ಲಾಗ್ (ಕಂಟೇನರ್ ಬರೆಯುತ್ತಾ ಹೋಗುವ ದಾಖಲೆ) ವಿಷಯಕ್ಕೆ ಬಂದರೆ, 'ಡಾಕರ್ ಲಾಗ್ಸ್ --ಸಿನ್ಸ್ 30ಎಂ --ಟೈಮ್‌ಸ್ಟ್ಯಾಂಪ್ಸ್' ನನ್ನ ಬೆರಳಿಗೆ ರೂಢಿಯಾದ ಸಾಲು. ಆದರೆ ಡಾಕರ್‌ನ ಮೂಲ ಲಾಗ್ ವಿಧಾನಕ್ಕೆ ಗಾತ್ರದ ಮಿತಿಯೇ ಇಲ್ಲ. ಡಿಸ್ಕ್ ತುಂಬುವವರೆಗೂ ಫೈಲ್ ಬೆಳೆಯುತ್ತದೆ. ಡೇಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಡಾಕರ್ ಪ್ರೋಗ್ರಾಂ) ಕಾನ್ಫಿಗ್‌ನಲ್ಲಿ 'ಮ್ಯಾಕ್ಸ್-ಸೈಜ್' 10 ಎಂಬಿ, 'ಮ್ಯಾಕ್ಸ್-ಫೈಲ್' 3 ಎಂದು ಹಾಕಿಡುತ್ತೇನೆ. ಈ ಬದಲಾವಣೆ ಹಳೆಯ ಕಂಟೇನರ್‌ಗಳಿಗೆ ಅನ್ವಯಿಸದು, ಹೊಸದಾಗಿ ಹುಟ್ಟುವವಕ್ಕೆ ಮಾತ್ರ. ಎಲ್ಲವನ್ನೂ ಅಳಿಸಿ ಎಬ್ಬಿಸುವ ಧೈರ್ಯ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ನಮ್ಮ ಕೆಲಸಕ್ಕೆ ವಿಶೇಷವಾದ ಎರಡು ಸಂಗತಿಗಳಿವೆ. ಮೊದಲನೆಯದು ಗಡಿಯಾರ. ಕಂಟೇನರ್ ಒಳಗೆ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇರುತ್ತದೆ, ನಮ್ಮ ಸಮಯಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಕಚೇರಿ ವೇಳೆಯಲ್ಲಿ ಕೆಲಸ ಮಾಡುವ ತಂತ್ರಾಂಶದಲ್ಲಿ ಇದು ತಾರೀಖಿನ ತನಕ ಬರುವುದಿಲ್ಲ. ಹಾಲಿನ ಡೇರಿಯಲ್ಲಿ ಬರುತ್ತದೆ. ಬೆಳಗಿನ ಜಾವ 5 ಗಂಟೆಗೆ ಕ್ಯಾನ್ ತಂದು ಅಳೆಸಿದ ರೈತರ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ, 6 ಗಂಟೆಗೆ ಬಂದವರದು ಇಂದಿನದಕ್ಕೆ. ಹಾಗಾಗಿ ಅಪ್ಲಿಕೇಶನ್ ಕಂಟೇನರ್‌ಗೆ 'ಟಿಜೆಡ್' ವೇರಿಯೆಬಲ್‌ನಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಕೊಡುತ್ತೇವೆ. ಅಷ್ಟೇ ಸಾಲದು: ಆಲ್ಪೈನ್‌ನಂಥ ಪುಟ್ಟ ಇಮೇಜ್‌ನಲ್ಲಿ ಸಮಯ ವಲಯಗಳ ಮಾಹಿತಿಯ 'ಟಿಜೆಡ್‌ಡೇಟಾ' ಪ್ಯಾಕೇಜ್ ಇರುವುದಿಲ್ಲ. ಅದಿಲ್ಲದಿದ್ದರೆ ಹೆಸರು ಅರ್ಥವಾಗದೆ, ಯಾವ ದೋಷವನ್ನೂ ತೋರಿಸದೆ, ಯುಟಿಸಿಯಲ್ಲೇ ಮುಂದುವರಿಯುತ್ತದೆ. ಹೊಸ ಇಮೇಜ್ ಕಟ್ಟಿದಾಗಲೆಲ್ಲ 'ಡಾಕರ್ ರನ್ --ಆರ್‌ಎಂ' ಜೊತೆ 'ಡೇಟ್' ಓಡಿಸಿ ನೋಡುವುದು ನಮ್ಮ ಪರೀಕ್ಷೆಯ ಭಾಗ.

ಎರಡನೆಯದು ಕನ್ನಡ ಅಕ್ಷರ. ರಸೀದಿಯ ಪಿಡಿಎಫ್ ಕಂಟೇನರ್ ಒಳಗೇ ತಯಾರಾಗುತ್ತದೆ, ಅಲ್ಲಿ ಕನ್ನಡ ಫಾಂಟ್ ಇರದಿದ್ದರೆ ರೈತರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು. ಅಭಿವೃದ್ಧಿ ಮಾಡುವವರ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇರುವುದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಡೆಬಿಯನ್ ಆಧಾರದ ಇಮೇಜ್‌ಗೆ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಎಲ್ಲವೂ ಪ್ಯಾಕೇಜ್ ಆಗಿ ಸಿಗುತ್ತವೆ. ಡಾಕರ್‌ಫೈಲ್‌ನಲ್ಲಿ ಒಂದು ಸಾಲು ಸಾಕು. 'ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್' ಕೊಟ್ಟರೆ ಒಳಗೆ ಕನ್ನಡ ಬಲ್ಲ ಫಾಂಟ್ ಯಾವುದಿದೆ ಎಂದು ಗೊತ್ತಾಗುತ್ತದೆ. ತಮ್ಮ ಹೆಸರು ತಮ್ಮ ಲಿಪಿಯಲ್ಲಿ ಸರಿಯಾಗಿ ಅಚ್ಚಾಗುವುದು ಆ ರೈತರ ಹಕ್ಕು. ಇಮೇಜ್ ಗಾತ್ರ ಕೆಲವು ಎಂಬಿ ಹೆಚ್ಚಾಗುತ್ತದೆ ಎಂಬ ವಾದಕ್ಕೆ ನಾನು ಕಿವಿಗೊಡುವುದಿಲ್ಲ.

ಪೋರ್ಟ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ '-ಪಿ 5432:5432' ಎಂದು ಬರೆದರೆ ಅದು ಯಂತ್ರದ ಎಲ್ಲ ವಿಳಾಸಗಳಲ್ಲೂ ತೆರೆದುಕೊಳ್ಳುತ್ತದೆ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯು ಅದನ್ನು ತಡೆಯುತ್ತದೆ ಎಂದು ನಂಬಬಾರದು, ಡಾಕರ್ ತನ್ನ ಐಪಿಟೇಬಲ್ಸ್ (ಪ್ಯಾಕೆಟ್ ಸೋಸುವ) ನಿಯಮಗಳನ್ನು ತಾನೇ ಬರೆದುಕೊಳ್ಳುವುದರಿಂದ ಆ ಪ್ಯಾಕೆಟ್‌ಗಳು ಯುಎಫ್‌ಡಬ್ಲ್ಯು ನೋಡುವ ದಾರಿಯಲ್ಲಿ ಬರುವುದೇ ಇಲ್ಲ. '127.0.0.1:5432:5432' ಎಂದು ಬರೆಯಿರಿ, ಆಗ ಅದೇ ಯಂತ್ರದ ಒಳಗಿನಿಂದ ಮಾತ್ರ ಸಿಗುತ್ತದೆ. ಕಂಟೇನರ್‌ಗಳ ನಡುವೆಯೇ ಮಾತುಕತೆ ಸಾಕಾದರೆ ಪೋರ್ಟ್ ತೆರೆಯುವುದೇ ಬೇಡ. ನಾವೇ ರಚಿಸಿದ ಒಂದೇ ನೆಟ್‌ವರ್ಕ್‌ನಲ್ಲಿ ಇಟ್ಟರೆ ಹೆಸರಿನಿಂದಲೇ ಒಂದನ್ನೊಂದು ತಲುಪುತ್ತವೆ.

ಬ್ಯಾಕಪ್‌ಗೆ 'ಡಾಕರ್ ಎಕ್ಸೆಕ್' ಮೂಲಕ ಡೇಟಾಬೇಸ್‌ನ ನಕಲು ತೆಗೆಯುವ 'ಪಿಜಿ-ಡಂಪ್' ಓಡಿಸಿ, ಹೊರಬಂದದ್ದನ್ನು ಹೊರಗಿನ ಫೈಲ್‌ಗೆ ತಿರುಗಿಸುತ್ತೇವೆ. ಇಲ್ಲಿ '-ಟಿ' ಹಾಕಬಾರದು. ಹಾಕಿದರೆ ಟರ್ಮಿನಲ್ ಪ್ರತಿ ಸಾಲಿನ ಕೊನೆಗೆ ಇನ್ನೊಂದು ಅಕ್ಷರ ಸೇರಿಸುತ್ತದೆ, ಡಂಪ್ ಕೆಡುತ್ತದೆ. ಪೋಸ್ಟ್‌ಗ್ರೆಸ್ ಇಮೇಜ್‌ಗೆ 'ಲೇಟೆಸ್ಟ್' ಎಂಬ ಟ್ಯಾಗನ್ನೂ ಬಳಸುವುದಿಲ್ಲ. 16ರ ಡೇಟಾವನ್ನು 17ನೇ ಆವೃತ್ತಿ ನೇರವಾಗಿ ತೆರೆಯದು, ಎಬ್ಬಿಸಲು ಹೋದರೆ ಹೊಂದುವುದಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಆವೃತ್ತಿ ಬದಲಿಸುವ ದಿನವನ್ನು ನಾವು ಆರಿಸಬೇಕು.

ಡಿಸ್ಕ್ ತುಂಬಿದಾಗ 'ಡಾಕರ್ ಸಿಸ್ಟಮ್ ಡಿಎಫ್' ಯಾವುದು ಎಷ್ಟು ತಿಂದಿದೆ ಎಂದು ತೋರಿಸುತ್ತದೆ. ಹಳೆಯ ಇಮೇಜ್‌ಗಳನ್ನು 'ಇಮೇಜ್ ಪ್ರೂನ್' ಕೊಟ್ಟು ತೆಗೆಯುತ್ತೇನೆ. 'ಸಿಸ್ಟಮ್ ಪ್ರೂನ್' ಜೊತೆ '--ವಾಲ್ಯೂಮ್ಸ್' ಮಾತ್ರ ನಮ್ಮ ಸರ್ವರ್‌ಗಳಲ್ಲಿ ನಿಷಿದ್ಧ.

ಈಚೆಗೆ ಒಂದೊಂದೇ ಸೇವೆಯನ್ನು ಪಾಡ್‌ಮನ್ ಎಂಬ, ಡಾಕರ್‌ನಂಥದೇ ಇನ್ನೊಂದು ತಂತ್ರಾಂಶಕ್ಕೆ ಸಾಗಿಸುತ್ತಿದ್ದೇನೆ. ಕಾರಣ ಭದ್ರತೆ. ಡಾಕರ್ ಗುಂಪಿಗೆ ಸೇರಿಸಿದ ಬಳಕೆದಾರರಿಗೆ ರೂಟ್ (ಯಂತ್ರದ ಪೂರ್ಣ) ಅಧಿಕಾರ ಕೊಟ್ಟಂತೆಯೇ. ಇಡೀ ಯಂತ್ರದ ಮೂಲ ಡೈರೆಕ್ಟರಿಯನ್ನೇ ಒಂದು ಕಂಟೇನರ್‌ಗೆ ಜೋಡಿಸಿಕೊಂಡು ಏನು ಬೇಕಾದರೂ ಮಾಡಬಹುದು. ಪಾಡ್‌ಮನ್‌ಗೆ ಸದಾ ಓಡುವ ಡೇಮನ್ ಇಲ್ಲ, ಸಾಮಾನ್ಯ ಬಳಕೆದಾರರ ಹೆಸರಿನಲ್ಲೇ ಕಂಟೇನರ್ ಓಡುತ್ತದೆ. ಒಳಗೆ ರೂಟ್ ಆಗಿ ಕಾಣುವುದು ಹೊರಗೆ ಆ ಬಳಕೆದಾರರೇ. ರನ್, ಪಿಎಸ್, ಲಾಗ್ಸ್, ಎಕ್ಸೆಕ್ ಎಲ್ಲ ಅವೇ ಹೆಸರು, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. 1024ಕ್ಕಿಂತ ಕಡಿಮೆ ನಂಬರಿನ ಪೋರ್ಟ್ ಮಾತ್ರ ನೇರವಾಗಿ ಸಿಗದು, ನಾವು ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟುಕೊಂಡಿದ್ದೇವೆ. ಪಾಡ್‌ಮನ್‌ನ 4.4ನೇ ಆವೃತ್ತಿಯಿಂದ ಬಂದ ಕ್ವಾಡ್ಲೆಟ್ ನನಗೆ ಬಹಳ ಹಿಡಿಸಿದೆ: ಕಂಟೇನರ್‌ನ ವಿವರವನ್ನು ಚಿಕ್ಕ ಫೈಲ್‌ನಲ್ಲಿ ಬರೆದಿಟ್ಟರೆ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಅದನ್ನು ಉಳಿದ ಸೇವೆಗಳಂತೆಯೇ ನೋಡಿಕೊಳ್ಳುತ್ತದೆ. ಆ ಬಳಕೆದಾರರಿಗೆ 'ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್' ಕೊಡಲೇಬೇಕು, ಇಲ್ಲದಿದ್ದರೆ ಲಾಗ್‌ಔಟ್ ಆದ ಕೂಡಲೇ ಕಂಟೇನರ್‌ಗಳೂ ನಿಲ್ಲುತ್ತವೆ.

ರಸೀದಿ ತಯಾರಿಸುವ ಸೇವೆ, ಎಸ್‌ಎಂಎಸ್ ಕಳಿಸುವ ಸೇವೆ ಆಗಲೇ ಪಾಡ್‌ಮನ್‌ನಲ್ಲಿವೆ. ಡೇಟಾಬೇಸ್ ಇನ್ನೂ ಡಾಕರ್‌ನಲ್ಲೇ ಇದೆ. ಎರಡರಲ್ಲೂ ಫೈಲ್‌ಗಳ ಒಡೆತನದ ನಂಬರ್‌ಗಳು ಬೇರೆ ಆಗುವುದರಿಂದ ವಾಲ್ಯೂಮ್ ಅನ್ನು ಹಾಗೆಯೇ ಎತ್ತಿಡುವುದಿಲ್ಲ. ಬೆಳಗಿನ ಮತ್ತು ಸಂಜೆಯ ಹಾಲಿನ ಸರದಿಗಳ ನಡುವಿನ ಮಧ್ಯಾಹ್ನದಲ್ಲಿ ಡಂಪ್ ತೆಗೆದು, ಹೊಸ ಕಂಟೇನರ್‌ಗೆ ರಿಸ್ಟೋರ್ ಮಾಡಿ, ಎರಡೂ ಕಡೆಯ ಮೊತ್ತ ತಾಳೆ ನೋಡಿಯೇ ಹಳೆಯದನ್ನು ಅಳಿಸುತ್ತೇವೆ.