ಸ್ಕ್ವಿಡ್ ಕ್ಯಾಶ್: ಒಂದು ಸಾಲನ್ನು ಮೇಲಕ್ಕೆ ಸರಿಸಿದ ಮೇಲೆ ಸರಿಹೋಯಿತು

ತುಮಕೂರಿನ ನಮ್ಮ ಕಚೇರಿಯ 22 ಉಬುಂಟು ಕಂಪ್ಯೂಟರುಗಳೂ ಒಂದೇ ಅಪ್‌ಡೇಟನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳುತ್ತಿದ್ದುದರಿಂದ, ಬೆಳಗಿನ ಹೊತ್ತು ಇಂಟರ್‌ನೆಟ್ ತೀರಾ ನಿಧಾನವಾಗುತ್ತಿತ್ತು. ಒಮ್ಮೆ ಇಳಿದ ಫೈಲನ್ನು ಉಳಿಸಿಟ್ಟುಕೊಂಡು (ಕ್ಯಾಶ್ ಮಾಡಿ) ಉಳಿದ ಕಂಪ್ಯೂಟರುಗಳಿಗೂ ಕೊಡುವ ಮಧ್ಯವರ್ತಿ ತಂತ್ರಾಂಶವಾದ ಸ್ಕ್ವಿಡ್ ಪ್ರಾಕ್ಸಿಯನ್ನು 3128ನೇ ಪೋರ್ಟಿನಲ್ಲಿ ಸ್ಥಾಪಿಸಿ, 20 ಜಿಬಿ ಡಿಸ್ಕ್ ಜಾಗ ಕೊಟ್ಟರೂ, ದೊಡ್ಡ ಪ್ಯಾಕೇಜುಗಳಿಗೆ ಕೋರಿಕೆಗಳನ್ನು ದಾಖಲಿಸುವ ಆಕ್ಸೆಸ್ ಲಾಗ್‌ನಲ್ಲಿ ‘ಟಿಸಿಪಿ_ಮಿಸ್’ (ಉಳಿಸಿಟ್ಟ ಪ್ರತಿ ಇಲ್ಲ) ಎಂದೇ ಬರುತ್ತಿತ್ತು. ಮೂಲ ಸೆಟ್ಟಿಂಗ್‌ನಲ್ಲಿ 4 ಎಂಬಿ ಮೀರಿದ ಫೈಲನ್ನು ಸ್ಕ್ವಿಡ್ ಉಳಿಸಿಕೊಳ್ಳುವುದಿಲ್ಲ. ಮಿತಿಯನ್ನು 512 ಎಂಬಿಗೆ ಏರಿಸಿದರೂ ಫಲ ಸಿಗಲಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಈ ಮಿತಿಯನ್ನು ಹೇಳುವ ‘ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್’ ಸಾಲು, ಡಿಸ್ಕ್ ಜಾಗವನ್ನು ಹೇಳುವ ‘ಕ್ಯಾಶ್_ಡಿರ್’ ಸಾಲಿಗಿಂತ ಮೊದಲೇ ಇರಬೇಕೆಂಬುದು ಎರಡು ದಿನಗಳ ಹುಡುಕಾಟದ ನಂತರ ತಿಳಿಯಿತು. ನಾನು ಅದನ್ನು ಕೆಳಗೆ ಬರೆದಿದ್ದೆ. ಮೇಲಕ್ಕೆ ಸರಿಸಿ ರೀಸ್ಟಾರ್ಟ್ ಮಾಡಿದ ಬಳಿಕ, ಲೆಕ್ಕಪತ್ರ ವಿಭಾಗದ ಎರಡನೇ ಕಂಪ್ಯೂಟರಿಗೆ ಅದೇ ಪ್ಯಾಕೇಜು ಇಳಿದಾಗ ‘ಟಿಸಿಪಿ_ಹಿಟ್’ (ಉಳಿಸಿಟ್ಟ ಪ್ರತಿ ಸಿಕ್ಕಿತು) ಕಂಡು ಬಹಳ ಸಂತೋಷವಾಯಿತು. ಎಚ್‌ಟಿಟಿಪಿಎಸ್ ಪುಟಗಳು ಗೂಢಲಿಪಿಯಲ್ಲೇ ಹಾದುಹೋಗುವುದರಿಂದ ಕ್ಯಾಶ್ ಆಗುವುದಿಲ್ಲ. ನಮ್ಮ ಉಬುಂಟು ಪ್ಯಾಕೇಜುಗಳು ಗೂಢಲಿಪಿಯಿಲ್ಲದ ಎಚ್‌ಟಿಟಿಪಿಯಲ್ಲಿ ಬರುತ್ತಿದ್ದುದರಿಂದಲೇ ಈ ಉಪಾಯ ಫಲಿಸಿತು.