ತಣ್ಣೀರಿಗೆ ಇಳಿಯುವ ಮುನ್ನ ಉಸಿರು ಕಲಿಯಿರಿ

ತಣ್ಣೀರು ಮೈಗೆ ಬಿದ್ದ ತಕ್ಷಣ ‘ಹಾ!’ ಎಂದು ಉಸಿರು ಒಳಗೆಳೆದುಕೊಳ್ಳುತ್ತೇವೆ ಅಲ್ವಾ? ಅದು ಬೇಕೆಂದು ಮಾಡುವುದಲ್ಲ, ತಾನಾಗಿಯೇ ಆಗುತ್ತದೆ. ಅದರ ಹಿಂದೆಯೇ ಏದುಸಿರು, ಎದೆ ಡವಡವ, ‘ಸಾಕು, ಆಚೆ ಹೋಗೋಣ’ ಎನ್ನುವ ಮನಸ್ಸು. ತಣ್ಣೀರಿನಲ್ಲಿ ಕೂರುವ ಅಭ್ಯಾಸದಲ್ಲಿ ಕಲಿಯಬೇಕಾದದ್ದು ಬಹುಪಾಲು ಈ ಮೊದಲ ಒಂದು ನಿಮಿಷದಲ್ಲೇ ಇದೆ. ಎಷ್ಟು ಹೊತ್ತು ಕೂತೆವು, ನೀರು ಎಷ್ಟು ತಣ್ಣಗಿತ್ತು ಎಂಬುದೆಲ್ಲ ಆಮೇಲಿನ ಮಾತು. ನಾನು ಶುರು ಮಾಡಿದಾಗ ಇದನ್ನು ಹೇಳಿಕೊಡುವವರು ಇರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಇದರಿಂದ ಏನು ಸಿಗುತ್ತದೆ ಎಂಬುದನ್ನು ನೋಡೋಣ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 3,018 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಕೆಲವರು 30 ದಿನ ಬಿಸಿನೀರಿನ ಶವರ್‌ನ ಕೊನೆಗೆ 30, 60 ಅಥವಾ 90 ಸೆಕೆಂಡ್ ತಣ್ಣೀರು ಬಿಟ್ಟುಕೊಂಡರು. ಉಳಿದವರು ಎಂದಿನಂತೆ ಸ್ನಾನ ಮಾಡಿದರು. ತಣ್ಣೀರು ಬಿಟ್ಟುಕೊಂಡವರು ಹುಷಾರಿಲ್ಲವೆಂದು ಕೆಲಸಕ್ಕೆ ರಜೆ ಹಾಕಿದ್ದು ಶೇ 29ರಷ್ಟು ಕಡಿಮೆಯಾಯಿತು. ಹಾಗಂತ ಅವರು ಕಾಯಿಲೆ ಬಿದ್ದ ದಿನಗಳೇನೂ ಕಡಿಮೆಯಾಗಲಿಲ್ಲ. ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿತು: 90 ಸೆಕೆಂಡ್ ನಿಂತವರಿಗೂ 30 ಸೆಕೆಂಡ್ ನಿಂತವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅರ್ಧ ನಿಮಿಷ ಸಾಕಾಗಿತ್ತು!

ತಣ್ಣೀರಿನಿಂದ ಎದ್ದ ಮೇಲೆ ಮನಸ್ಸು ತಿಳಿಯಾಗಿ, ಚುರುಕಾಗಿ ಇರುವುದು ನಿಜ. ಚಳಿ ತಾಗಿದಾಗ ನಾರ್‌ಅಡ್ರಿನಲಿನ್ ಎನ್ನುವ ಹಾರ್ಮೋನ್ ರಕ್ತದಲ್ಲಿ ಏರುತ್ತದೆ. 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಕೂರಿಸಿ ನೋಡಿದಾಗ ಅದು ಐದು ಪಟ್ಟಿಗಿಂತ ಜಾಸ್ತಿಯಾಗಿತ್ತು. ಗಂಟೆಗಟ್ಟಲೆ ಕೂರುವುದು ಪ್ರಯೋಗಶಾಲೆಗೆ ಸರಿ, ನಾವು ಹಾಗೆ ಮಾಡಬಾರದು. ವ್ಯಾಯಾಮದ ನಂತರದ ಮೈಕೈ ನೋವಿಗೂ ತಣ್ಣೀರು ಒಳ್ಳೆಯದೇ. ಆದರೆ ಕಾಯಿಲೆ ವಾಸಿ ಮಾಡುತ್ತದೆ ಎಂದು ನಂಬಿ ಮಾತ್ರೆ ಬಿಡಬೇಡಿ.

ಯಾರು ಇಳಿಯಬಾರದು

ಹೃದಯದ ತೊಂದರೆ, ಜಾಸ್ತಿ ಬಿಪಿ, ಮೂರ್ಛೆರೋಗ, ಅಸ್ತಮಾ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ಚಳಿಗೆ ಬೆರಳುಗಳು ಬಿಳಿಚಿಕೊಂಡು ಮರಗಟ್ಟುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು ಕೂಡ ಅಷ್ಟೇ. ಕುಡಿದು ಇಳಿಯುವ ಮಾತೇ ಬೇಡ.

ಮೊದಲ ಹೆಜ್ಜೆ: ಶವರ್

ಎರಡು ವಾರ ಟಬ್ಬಿನ ಯೋಚನೆಯೇ ಬೇಡ. ಎಂದಿನಂತೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಕೊನೆಯ 15 ಸೆಕೆಂಡ್ ತಣ್ಣೀರು ಬಿಡಿ. ಮೊದಲು ಪಾದ, ಆಮೇಲೆ ಕೈ, ತೊಡೆ, ಬೆನ್ನು. ಎದೆಗೆ ಕೊನೆಯಲ್ಲಿ. ಒಂದೆರಡು ದಿನಕ್ಕೊಮ್ಮೆ ಐದೈದು ಸೆಕೆಂಡ್ ಹೆಚ್ಚಿಸಿಕೊಂಡು ಅರ್ಧ ನಿಮಿಷಕ್ಕೆ ಬನ್ನಿ. ಇಲ್ಲಿಗೇ ನಿಲ್ಲಿಸಿದರೂ ತಪ್ಪಿಲ್ಲ.

ಎರಡನೇ ಹೆಜ್ಜೆ: ಉಸಿರು

ಚರ್ಮದಲ್ಲಿ ಚಳಿಯನ್ನು ಗುರುತಿಸುವ ನರದ ತುದಿಗಳಿವೆ. ಚರ್ಮ ದಿಢೀರನೆ ತಣ್ಣಗಾದರೆ ಅವೆಲ್ಲ ಒಟ್ಟಿಗೆ ಸುದ್ದಿ ಮುಟ್ಟಿಸುತ್ತವೆ. ಆಗಲೇ ಆ ‘ಹಾ!’, ಏದುಸಿರು, ಬಿಪಿಯ ಏರಿಕೆ. ಮೊದಲ 30 ಸೆಕೆಂಡಿನಲ್ಲಿ ಇದು ಅತಿ ಜೋರು. ಎರಡು ಮೂರು ನಿಮಿಷದಲ್ಲಿ ತಾನೇ ಇಳಿಯುತ್ತದೆ. ಆ ಕ್ಷಣ ತಲೆ ನೀರೊಳಗಿದ್ದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಈಜು ಚೆನ್ನಾಗಿ ಬಲ್ಲವರೂ ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲೇ ಮುಳುಗುವುದಕ್ಕೆ ಇದೇ ಕಾರಣ.

ಹಾಗಾಗಿ ಒಳಗೆಳೆಯುವ ಉಸಿರಿನ ಜೊತೆ ಗುದ್ದಾಡಬೇಡಿ, ಹೊರಬಿಡುವುದನ್ನು ಹಿಡಿದುಕೊಳ್ಳಿ. ಬಿಸಿ ಲೋಟ ಆರಿಸಲು ಊದುತ್ತೇವಲ್ಲ, ಹಾಗೆ ತುಟಿ ಮುಂದೆ ಮಾಡಿ ಉದ್ದಕ್ಕೆ ಊದಿ. ಮೊದಲ ನಾಲ್ಕೈದು ಉಸಿರು ಕೈಗೆ ಸಿಗುವುದಿಲ್ಲ. ಗಾಬರಿಯಾಗಬೇಡಿ. ಆರನೆಯದೋ ಏಳನೆಯದೋ ಸ್ವಲ್ಪ ಉದ್ದವಾಗುತ್ತದೆ, ಅಲ್ಲಿಂದ ದಾರಿ ಸಲೀಸು. ಎರಡು ಮೂರು ನಿಮಿಷದಂತೆ ಐದಾರು ಸಲ ಇಳಿದರೆ ಸಾಕು, ಈ ಆಘಾತ ಅರ್ಧದಷ್ಟು ತಗ್ಗುತ್ತದೆ. ಮೈ ಇಷ್ಟು ಬೇಗ ಕಲಿಯುತ್ತದೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಒಂದು ಎಚ್ಚರಿಕೆ. ನೀರಿಗೆ ಇಳಿಯುವ ಮುಂಚೆ ಜೋರುಜೋರಾಗಿ ಉಸಿರಾಡುವುದನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ನೀರಿನ ಹತ್ತಿರ ಅದನ್ನು ಮಾಡಬೇಡಿ. ಹಾಗೆ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು, ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪಬಹುದು. ಮುಖ ಮುಳುಗಿಸುವುದೂ ಬೇಡ. ಮುಖಕ್ಕೆ ತಣ್ಣೀರು ತಾಗಿ ಉಸಿರು ಹಿಡಿದರೆ ಎದೆಬಡಿತ ನಿಧಾನವಾಗುತ್ತದೆ, ಮೈಗೆ ತಾಗಿದ ತಣ್ಣೀರು ಅದನ್ನು ಜೋರಾಗಿಸುತ್ತದೆ. ಎರಡೂ ಒಟ್ಟಿಗೆ ಎಳೆದಾಡಿದಾಗ ಬಡಿತದ ಲಯ ತಪ್ಪುವುದುಂಟು.

ಮೂರನೇ ಹೆಜ್ಜೆ: ಟಬ್

ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಅಂದಾಜು ಬೇಡ. ಮೊದಲ ಸಲ 20 ಡಿಗ್ರಿ ಇರಲಿ. ಕೆಲವು ವಾರಗಳಲ್ಲಿ 15ಕ್ಕೆ ಬನ್ನಿ. 10ಕ್ಕಿಂತ ಕೆಳಗೆ ಹೋಗುವ ಅಗತ್ಯ ನನಗಂತೂ ಕಂಡಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಶಾಖವನ್ನು ಎಳೆದುಕೊಳ್ಳುತ್ತದೆ. 15 ಡಿಗ್ರಿ ಗಾಳಿಯಲ್ಲಿ ಓಡಾಡಿದ ಅನುಭವವನ್ನು 15 ಡಿಗ್ರಿ ನೀರಿಗೆ ಹೋಲಿಸಲಾಗದು.

ಮನೆಯಲ್ಲಿ ಒಬ್ಬರು ಹತ್ತಿರವೇ ಇರಲಿ. ಟವೆಲ್, ಬಟ್ಟೆ, ಗಡಿಯಾರ ಕೈಗೆಟುಕುವಂತೆ ಇಟ್ಟುಕೊಳ್ಳಿ. ಧುಮುಕಬೇಡಿ. ಕಾಲಿಟ್ಟು, ಸೊಂಟದವರೆಗೆ ಕೂತು, ಉಸಿರು ಹದಕ್ಕೆ ಬಂದ ಮೇಲೆ ಭುಜದವರೆಗೆ ಇಳಿಯಿರಿ. ಉಸಿರು ಹದಕ್ಕೆ ಬರದಿದ್ದರೆ ಅವತ್ತು ಎದ್ದುಬಿಡಿ. ಅದರಲ್ಲಿ ಸೋಲೇನೂ ಇಲ್ಲ. ಎರಡು ನಿಮಿಷ ಸಾಕು. ವಾರಕ್ಕೆ ಎರಡು ಮೂರು ಸಲ ಮಾಡಿದರಾಯಿತು. ಬೆರಳು ಮಾತು ಕೇಳದಿದ್ದರೆ, ನಡುಕ ಜೋರಾದರೆ ಗಡಿಯಾರ ನೋಡುತ್ತಾ ಕೂರಬೇಡಿ.

ನಾಲ್ಕನೇ ಹೆಜ್ಜೆ: ಎದ್ದ ಮೇಲೆ

ಇಲ್ಲಿ ನಾನು ತಪ್ಪು ಮಾಡಿದ್ದೆ. ಟಬ್ಬಿನಲ್ಲಿ ಐದು ನಿಮಿಷ ಕೂತು, ಎದ್ದವನೇ ಬಿಸಿನೀರಿನ ಶವರ್ ಕೆಳಗೆ ನಿಂತೆ. ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಹಾಗೇ ನೆಲಕ್ಕೆ ಕೂತೆ. ತಣ್ಣೀರಿನಲ್ಲಿ ಚರ್ಮದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಬಿಸಿನೀರು ಬಿದ್ದರೆ ಅವು ಒಮ್ಮೆಲೇ ಸಡಿಲಗೊಂಡು ಬಿಪಿ ಇಳಿಯುತ್ತದೆ. ಜೊತೆಗೆ, ನೀರಿನಿಂದ ಎದ್ದ ಮೇಲೂ ಒಂದಷ್ಟು ಹೊತ್ತು ಮೈಯ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ಎದ್ದಾಗ ಚೆನ್ನಾಗಿದ್ದು, ಹತ್ತು ನಿಮಿಷದ ನಂತರ ಗಡಗಡ ನಡುಗುವುದು ಇದರಿಂದಲೇ.

ಆದ್ದರಿಂದ ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಒಂದರ ಮೇಲೊಂದು ಒಣ ಬಟ್ಟೆ ಹಾಕಿ. ತಲೆ, ಪಾದ ಮುಚ್ಚಿಕೊಳ್ಳಿ. ಬೆಚ್ಚಗಿನದೇನಾದರೂ ಕುಡಿದು ಸುಮ್ನೆ ಕೂತುಕೊಳ್ಳಿ. ಮೈ ಪೂರ್ತಿ ಬೆಚ್ಚಗಾಗುವವರೆಗೆ ಗಾಡಿ ಓಡಿಸಬೇಡಿ.

ಜಿಮ್‌ನಲ್ಲಿ ಭಾರ ಎತ್ತಿ ಮೈಕಟ್ಟು ಬೆಳೆಸುತ್ತಿರುವವರು ವ್ಯಾಯಾಮ ಮುಗಿದ ಕೂಡಲೇ ತಣ್ಣೀರಿಗೆ ಇಳಿಯದಿರುವುದು ಒಳ್ಳೆಯದು. 12 ವಾರ ಹಾಗೆ ಮಾಡಿದವರ ಸ್ನಾಯು ಕಡಿಮೆ ಬೆಳೆದದ್ದು 2015ರ ಅಧ್ಯಯನವೊಂದರಲ್ಲಿ ಕಂಡಿದೆ. ಬೇರೆ ದಿನ ಇಟ್ಟುಕೊಳ್ಳಿ.

ಹೊಳೆ, ಕೆರೆ, ಸಮುದ್ರ

ಇವಕ್ಕೆ ಮನೆಯ ಅಭ್ಯಾಸ ಸಾಲದು. ಸೆಳೆತ, ಆಳ, ಕಾಲಿಗೆ ಸಿಗದ ದಂಡೆ ಎಲ್ಲವೂ ಸೇರಿಕೊಳ್ಳುತ್ತವೆ. ಜೀವರಕ್ಷಕರು ಇರುವ ಕಡೆ, ಬಲ್ಲವರ ಜೊತೆ ಮಾತ್ರ ಇಳಿಯಿರಿ. ಅಕಸ್ಮಾತ್ ಬಿದ್ದರೆ ಕೂಡಲೇ ಈಜಲು ಹೋಗಬೇಡಿ. ತಲೆ ಹಿಂದಕ್ಕೆ ಒರಗಿಸಿ ಅಂಗಾತ ತೇಲಿ. ಉಸಿರು ಹದಕ್ಕೆ ಬಂದ ಮೇಲೆ ದಂಡೆ ಹುಡುಕಿ ಅಥವಾ ಕೂಗಿ ಕರೆಯಿರಿ.

ಕೊನೆಗೆ, ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಅದರಲ್ಲಿ ನಿಮಿಷದ ಲೆಕ್ಕ ಬರೆಯಬೇಡಿ. ನೀರು ಎಷ್ಟು ಡಿಗ್ರಿ ಇತ್ತು, ಎಷ್ಟನೇ ಉಸಿರಿಗೆ ಎದೆ ಶಾಂತವಾಯಿತು ಎಂದು ಬರೆಯಿರಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ 40 ಎಂದಿದೆ. ನಿನ್ನೆ ಬೆಳಿಗ್ಗೆ ಬರೆದದ್ದು 9.